ಪಕ್ಕವಾದ್ಯ

ನಮ್ಮ ಮಾತಿನಲ್ಲಿ ಪಿಟೀಲಿಗೆ ಯಾಕೋ ಒಳ್ಳೆಯ ಹೆಸರು ಬರಲೇ ಇಲ್ಲ. ಒಂದೇ ವಿಷಯವನ್ನು ಎಳೆದೆಳೆದು ಹೇಳುವವರನ್ನು "ಸಾಕು ಸುಮ್ಮನಿರೆ, ಎಷ್ಟು ಪಿಟೀಲು ಕುಯ್ತೀಯ" ಎಂದು ಬಾಯಿ ಮುಚ್ಚಿಸುತ್ತೇವೆ. ವೀಣೆಗಾದರೆ ಸರಸ್ವತಿಯ ಮಡಿಲಿದೆ. ಕೊಳಲಿಗೆ ಕೃಷ್ಣನ ತುಟಿಯಿದೆ. ಮದ್ದಳೆಗೆ ನಂದಿಯಿದ್ದಾನೆ. ಪಿಟೀಲಿಗೆ ಮಾತ್ರ ಯಾವ ದೇವರೂ ಇಲ್ಲ. ಹಡಗು ಹತ್ತಿ ಪರದೇಶದಿಂದ ಬಂದ ಪೆಟ್ಟಿಗೆ ಅದು. ಬಂದು, ಹಾಡುವವರ ಎಡಗಡೆಗೆ ಕುಳಿತು, ಇನ್ನೂರು ವರ್ಷದಿಂದ ನಮ್ಮ ಸಂಗೀತಕ್ಕೆ ದುಡಿಯುತ್ತಿದೆ.

ಈ ಮಾತು ಈಗ ಬಂದದ್ದಕ್ಕೆ ಕಾರಣ ನನ್ನ ಮೊಮ್ಮಗಳು. ಅವಳಿಗೆ ಹನ್ನೊಂದು ವರ್ಷ. ಮೂರು ವರ್ಷದಿಂದ ಪಿಟೀಲು ಕಲಿಯುತ್ತಿದ್ದಾಳೆ. ಕಳೆದ ರಾಮನವಮಿಯಲ್ಲಿ ನಮ್ಮೂರ ಸಂಗೀತೋತ್ಸವದ ಆಹ್ವಾನಪತ್ರಿಕೆ ಮನೆಗೆ ಬಂದಿತ್ತು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಜ್ಜಿ, ಹಾಡುವವರ ಫೋಟೋ ಎಲ್ಲಾ ಹಾಕಿದ್ದಾರೆ. ಪಿಟೀಲಿನವರದು ಬರೀ ಹೆಸರು, ಅದೂ ಇರುವೆ ಸಾಲಿನ ಹಾಗೆ. ಯಾಕೆ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗಳು ಹೇಳಿದಳು: "ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ ಅಮ್ಮ. ಇವಳ ಗಂಟಲು ಚೆನ್ನಾಗಿದೆ. ಈ ವರ್ಷದಿಂದ ಹಾಡುಗಾರಿಕೆಗೆ ಬದಲಾಯಿಸಿಬಿಡೋಣ. ಜನ್ಮ ಇಡೀ ಇನ್ನೊಬ್ಬರ ಪಕ್ಕದಲ್ಲಿ ಕೂರೋದಕ್ಕೆ ಇಷ್ಟೊಂದು ಕಷ್ಟ ಯಾಕೆ ಪಡಬೇಕು?"

ನಾನು ಒಗ್ಗರಣೆ ಸೀಯುತ್ತದೆಂಬ ನೆಪ ಮಾಡಿಕೊಂಡು ಅಡುಗೆಮನೆಗೆ ಹೋದೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಮದುವೆಯಾಗುವ ತನಕ ಆರು ವರ್ಷ ನಾನೂ ಪಿಟೀಲು ಕಲಿತವಳು. ಆ ಪಿಟೀಲು ಬಹಳ ವರ್ಷ ಅಟ್ಟದ ಮೇಲಿತ್ತು. ಹೀಗಾಗಿ ಆ ಪ್ರಶ್ನೆ ನನ್ನನ್ನೂ ಸೇರಿಸಿಕೊಂಡೇ ಕೇಳಿದಂತಿತ್ತು. ಆ ರಾತ್ರಿ ನಿದ್ದೆ ಬರದೆ ಮಲಗಿದ್ದಾಗ ನೆನಪಾದವರು ಚೌಡಯ್ಯನವರು.

ಪಿಟೀಲು ಚೌಡಯ್ಯ! ನಮ್ಮ ತಂದೆಯ ಕಾಲದವರು ಅವರನ್ನು ಕರೆಯುತ್ತಿದ್ದುದೇ ಹಾಗೆ. ವಾದ್ಯ ಮೊದಲು, ಮನುಷ್ಯ ಆಮೇಲೆ. ಅವರು ತೀರಿಕೊಂಡಾಗ ನಾನಿನ್ನೂ ಪ್ರೈಮರಿ ಶಾಲೆಯ ಹುಡುಗಿ. ಅವರನ್ನು ಕಣ್ಣಾರೆ ಕಂಡವಳಲ್ಲ. ರೇಡಿಯೋದಲ್ಲಿ ಅವರ ಧ್ವನಿಮುದ್ರಣ ಬಂದರೆ ನಮ್ಮ ತಂದೆ ಕೈಸನ್ನೆಯಲ್ಲೇ ಮನೆಯವರನ್ನೆಲ್ಲ ಸುಮ್ಮನಾಗಿಸುತ್ತಿದ್ದರು. ಒಂದು ಪಿಟೀಲಿನಲ್ಲಿ ಎರಡು ಪಿಟೀಲು ಕೂಡಿ ನುಡಿದಂಥ ಆ ದಪ್ಪ ನಾದ ಇಂದಿಗೂ ನನ್ನ ಕಿವಿಯಲ್ಲಿದೆ. ದೊಡ್ಡವಳಾದ ಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಹಿರಿಯರನ್ನು ಕೇಳಿ ತಿಳಿದೆ.

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ತಿರುಮಕೂಡಲಿನಲ್ಲಿ. ಮೈಸೂರಿನಿಂದ ಟಿ. ನರಸೀಪುರಕ್ಕೆ ಹೋದವರಿಗೆ ಆ ಜಾಗ ಗೊತ್ತು. ಕಾವೇರಿಯೂ ಕಪಿಲೆಯೂ ಅಲ್ಲಿ ಕೂಡುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೊಂದು ಮೂರನೆಯದಾಗಿ ಸೇರುತ್ತದೆ ಎಂಬ ನಂಬಿಕೆ. ಸಂಗಮದ ದಡದಲ್ಲಿ ಅಗಸ್ತ್ಯೇಶ್ವರನ ಗುಡಿ. ಅವರ ತಂದೆಯ ಹೆಸರೂ ಅಗಸ್ತ್ಯೇಗೌಡ, ತಾಯಿ ಸುಂದರಮ್ಮ. ಊರ ದೇವರ ಹೆಸರನ್ನೇ ಇಟ್ಟುಕೊಂಡ ಒಕ್ಕಲಿಗರ ಮನೆ. ಆ ಕಾಲದಲ್ಲಿ ಸಂಗೀತದ ದೊಡ್ಡ ಸಭೆಗಳಲ್ಲಿ ಕೂರುತ್ತಿದ್ದವರು ಬಹುಮಟ್ಟಿಗೆ ಬ್ರಾಹ್ಮಣ ವಿದ್ವಾಂಸರು, ಇಲ್ಲವೆ ತಲೆತಲಾಂತರದಿಂದ ದೇವಸ್ಥಾನ, ಅರಮನೆಗಳ ಸೇವೆಗಿದ್ದ ಕಲಾವಿದರ ಮನೆತನದವರು. ಅಂಥಲ್ಲಿಗೆ ಗೌಡರ ಮನೆಯ ಹುಡುಗನೊಬ್ಬ ಪಿಟೀಲು ಹಿಡಿದು ಹೋಗುವುದೆಂದರೆ ಇಂದು ನಮಗೆ ಅನಿಸುವಷ್ಟು ಸುಲಭದ ಮಾತಾಗಿರಲಾರದು.

1910ರಲ್ಲಿ, ಹದಿನೈದರ ಹುಡುಗ ಚೌಡಯ್ಯ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಅರಮನೆಯ ವಿದ್ವಾಂಸರು, ಮನೆಮಾತು ಕೊಂಕಣಿ. ಕಚೇರಿಯಲ್ಲಿ ದೇವರನಾಮಗಳಿಗೆ ದೊಡ್ಡ ಸ್ಥಾನ ಕೊಟ್ಟವರು. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದವರೂ ಅವರೇ. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಕೃಷ್ಣಪ್ಪನವರು ಪಿಟೀಲಿನವರಲ್ಲ, ಹಾಡುಗಾರರು. ಅಂದರೆ ಮುಂದೆ ನಾಡಿನ ಮೂವರು ದೊಡ್ಡ ಪಿಟೀಲುವಾದಕರಲ್ಲಿ ಒಬ್ಬರೆನಿಸಿಕೊಂಡ ಚೌಡಯ್ಯನವರು ಸಂಗೀತ ಕಲಿತದ್ದು ಬಾಯಿಂದ, ಕಂಠದಿಂದ. ಗುರು ಹಾಡಬೇಕು, ಶಿಷ್ಯ ಅದನ್ನು ಮೊದಲು ಬಾಯಲ್ಲಿ ಹಾಡಿ ಗಟ್ಟಿಮಾಡಿಕೊಂಡು ಆಮೇಲೆ ತಂತಿಯ ಮೇಲೆ ತರಬೇಕು. ನಮ್ಮ ಮೇಷ್ಟರೂ ಇದನ್ನೇ ಹೇಳುತ್ತಿದ್ದರು: "ಮೊದಲು ಹಾಡು ಮಗು, ಹಾಡಲು ಬಾರದ್ದು ಬೆರಳಿಗೆ ಬಾರದು." ಆಗ ನನಗೆ ಅದೊಂದು ಶಿಕ್ಷೆ ಎನಿಸುತ್ತಿತ್ತು.

ಆ ಪಿಟೀಲು ನಮ್ಮದಾದ ಬಗೆಯನ್ನೂ ಸ್ವಲ್ಪ ಹೇಳಬೇಕು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಒಬ್ಬ ಯುರೋಪಿಯನ್ ವಾದಕನಿಂದ ಅದನ್ನು ಕಲಿತರು. ತಂಜಾವೂರಿನ ನಾಲ್ವರು ಸೋದರರಲ್ಲಿ ಒಬ್ಬರಾದ ವಡಿವೇಲು ತಿರುವಾಂಕೂರಿನಲ್ಲಿ ನುಡಿಸಿ, ಸ್ವಾತಿ ತಿರುನಾಳ್ ಮಹಾರಾಜರಿಂದ 1834ರಲ್ಲಿ ದಂತದ ಪಿಟೀಲನ್ನೇ ಬಹುಮಾನವಾಗಿ ಪಡೆದರು. ನಮ್ಮವರು ಆ ವಾದ್ಯದ ಮರವನ್ನು ಮುಟ್ಟಲಿಲ್ಲ. ಹಿಡಿಯುವ ರೀತಿಯನ್ನೂ ಶ್ರುತಿಮಾಡುವ ರೀತಿಯನ್ನೂ ಬದಲಿಸಿದರು. ಅವರು ನಿಂತು, ಗದ್ದದ ಕೆಳಗೆ ಒತ್ತಿ ಹಿಡಿದರೆ, ನಾವು ಚಕ್ಕಳಮಕ್ಕಳ ಹಾಕಿ ಕುಳಿತು, ಅದರ ಬುಡವನ್ನು ಎದೆಗೂ ತಲೆಯನ್ನು ಬಲಗಾಲ ಹರಡಿಗೂ ಆನಿಸಿದೆವು. ಇದರಿಂದ ಪಿಟೀಲನ್ನು ಹೊರುವ ಕೆಲಸ ಕೈಗೆ ತಪ್ಪಿತು. ಎಡಗೈ ತಂತಿಯ ಮೇಲೆ ಮೇಲೆ ಕೆಳಗೆ ಜಾರಲು, ಓಲಾಡಲು ಸ್ವತಂತ್ರವಾಯಿತು. ತಂತಿಗಳನ್ನು ನಮ್ಮ ಷಡ್ಜ ಪಂಚಮಗಳಿಗೆ ಕೂಡಿಸಿಕೊಂಡೆವು. ವೀಣೆಗಿರುವಂತೆ ಪಿಟೀಲಿಗೆ ಮೆಟ್ಟುಗಳಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಕಡಿಯದೆ, ಗಂಟಲು ಹೋದಂತೆಯೇ ಹೋಗಬಹುದು. ಕಮಾನು ಎಳೆದಷ್ಟೂ ಉಸಿರು. ಗಮಕವೇ ಜೀವಾಳವಾದ ನಮ್ಮ ಸಂಗೀತಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ಬೇಕೆ? ಪರದೇಶದ ಸೊಸೆ ಅತ್ತೆಮನೆಯ ಅಡುಗೆಯನ್ನು ಅತ್ತೆಗಿಂತ ಚೆನ್ನಾಗಿ ಕಲಿತ ಹಾಗಾಯಿತು.

ಕಲಿತಳು ಸರಿ, ಆದರೆ ಕುಳಿತದ್ದು ಪಕ್ಕದಲ್ಲಿ.

ಪಕ್ಕದಲ್ಲಿ ಕೂರುವುದೆಂದರೆ ಏನೆಂಬುದನ್ನು ಕಚೇರಿ ಕೇಳುವವರೆಲ್ಲ ಗಮನಿಸಿರುವುದಿಲ್ಲ. ಹಾಡುವವರು ಇಂದು ಯಾವ ರಾಗ ಎತ್ತಿಕೊಳ್ಳುತ್ತಾರೆಂದು ಪಿಟೀಲಿನವರಿಗೆ ಮೊದಲೇ ತಿಳಿಸಬೇಕೆಂಬ ನಿಯಮವೇನೂ ಇಲ್ಲ. ಬಹಳ ಸಲ ಒಟ್ಟಿಗೆ ಅಭ್ಯಾಸವೂ ಆಗಿರುವುದಿಲ್ಲ. ಹಾಡುಗಾರರು ಆಲಾಪನೆಯ ಎರಡು ಸ್ವರ ಹಾಡುವಷ್ಟರಲ್ಲಿ ರಾಗ ಗುರುತಿಸಬೇಕು. ಅವರ ಒಂದೊಂದು ಸಂಚಾರವನ್ನೂ ನೆರಳಿನ ಹಾಗೆ, ಒಂದು ಕ್ಷಣ ಹಿಂದೆಯೇ ಹಿಂಬಾಲಿಸಬೇಕು. ಮುಂದೆ ಹೋದರೆ ಅಧಿಕಪ್ರಸಂಗ, ಹಿಂದೆ ಬಿದ್ದರೆ ಅಸಡ್ಡೆ. ಅವರು ಮುಗಿಸಿದ ಮೇಲೆ ತನ್ನ ಸರದಿ. ಅದೇ ರಾಗವನ್ನು ತನ್ನದೇ ಮಾತಿನಲ್ಲಿ, ಅವರಿಗಿಂತ ಕಡಿಮೆ ಹೊತ್ತಿನಲ್ಲಿ ಹೇಳಿ ಮುಗಿಸಬೇಕು. ಕಲ್ಪನಾಸ್ವರದಲ್ಲಿ ಅವರು ಎಸೆದ ಲೆಕ್ಕವನ್ನು ಹಿಡಿದು ಹಾಗೆಯೇ ವಾಪಸು ಕೊಡಬೇಕು. ಪಲ್ಲವಿಗೆ ಬಂದರೆ ಅಂದಿನ ತನಕ ಕೇಳಿರದ ಸಾಹಿತ್ಯ, ಕೇಳಿರದ ತಾಳ ಬರಬಹುದು. ಎರಡಾವರ್ತದಲ್ಲಿ ಅದು ತನ್ನದಾಗಬೇಕು. ಹಾಡುವವರ ಗಂಟಲು ಒಂದು ಕಡೆ ನಿಂತರೆ ಸಭೆಗೆ ಗೊತ್ತಾಗದಂತೆ ಕಮಾನು ಎಳೆದು ಮುಚ್ಚಬೇಕು. ಇಷ್ಟೆಲ್ಲ ಮಾಡಿದವರಿಗೆ ಸಂಭಾವನೆ ಹಾಡಿದವರಿಗಿಂತ ಕಡಿಮೆ. ಇದನ್ನು ಓದುತ್ತಿರುವ ಗೃಹಿಣಿಯರಿಗೆ ಈ ಕೆಲಸದ ವಿವರಣೆ ಎಲ್ಲೋ ಕೇಳಿದಂತಿದೆ ಎನಿಸಿದರೆ ಆಶ್ಚರ್ಯವಿಲ್ಲ!

ಚೌಡಯ್ಯನವರು ಈ ಕೆಲಸಕ್ಕೆ ಇಳಿದ ಕಾಲದಲ್ಲಿ ಇನ್ನೊಂದು ಕಷ್ಟವಿತ್ತು. ಮೈಕು ಇರಲಿಲ್ಲ. ರಾಮೋತ್ಸವದ ಚಪ್ಪರವಿರಲಿ, ಮದುವೆಮನೆಯಿರಲಿ, ನಾಟಕದ ಕೊಟ್ಟಿಗೆಯಿರಲಿ, ಕೊನೆಯ ಸಾಲಿಗೆ ಕೇಳಿಸುವಂತೆ ಹಾಡುವುದು ಹಾಡುಗಾರರ ಗಂಟಲಿಗೆ ಬಿಟ್ಟ ಕೆಲಸ. ಕೃಷ್ಣಪ್ಪನವರಂಥವರಿಗೆ ಆ ಗಂಟಲಿತ್ತು. ಎದುರಿಗೆ ಮೃದಂಗ, ಕೆಲವೊಮ್ಮೆ ಜೊತೆಗೆ ಘಟ. ಇವುಗಳ ನಡುವೆ ಪಾಪ, ನಾಲ್ಕು ತಂತಿಯ ಪಿಟೀಲಿನ ಸ್ವರ ಎಷ್ಟು ದೂರ ಹೋದೀತು? ಮೊದಲ ನಾಲ್ಕು ಸಾಲು ದಾಟುವಷ್ಟರಲ್ಲಿ ನೂಲಿನಂತೆ ಸಣ್ಣಗಾಗಿಬಿಡುತ್ತಿತ್ತು. ಪಿಟೀಲಿನವರ ಸರದಿ ಬಂತೆಂದರೆ ಹಿಂದಿನ ಸಾಲಿನವರು ಎಲೆಯಡಿಕೆ ಹಾಕಿಕೊಳ್ಳಲು ಎದ್ದುಹೋಗುವ ಹೊತ್ತು ಬಂತೆಂದೇ ಅರ್ಥ.

ಚೌಡಯ್ಯನವರು ಇದಕ್ಕೆ ಕಂಡುಕೊಂಡ ಉಪಾಯವೇ ಏಳು ತಂತಿಯ ಪಿಟೀಲು. 1927ರ ಹೊತ್ತಿಗೆ ಅದು ಅವರ ಕೈಯಲ್ಲಿ ಸಿದ್ಧವಾಗಿತ್ತು. ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿ ಕಟ್ಟಿದರು. ಬೆರಳು ಒತ್ತಿದರೆ ಜೋಡಿ ತಂತಿ ಎರಡೂ ಒಟ್ಟಿಗೆ ಸಿಕ್ಕಬೇಕು. ಕಮಾನು ಎಳೆದರೆ ಎರಡೂ ಒಟ್ಟಿಗೆ ನುಡಿಯಬೇಕು. ಹೇಳಲು ಎರಡು ಮಾತು, ಮಾಡಿ ನೋಡಿದವರಿಗೇ ಗೊತ್ತು. ನಾಲ್ಕು ತಂತಿಯನ್ನು ಶ್ರುತಿಯಲ್ಲಿ ನಿಲ್ಲಿಸುವುದರಲ್ಲೇ ನನ್ನ ಬೆರಳು ಸೋಲುತ್ತಿತ್ತು. ಮಳೆಗಾಲದಲ್ಲಿ ಬಿರಡೆ ಊದಿಕೊಂಡು ತಿರುಗುವುದಿಲ್ಲ, ಬೇಸಗೆಯಲ್ಲಿ ಸಡಿಲಗೊಂಡು ಜಾರಿಬಿಡುತ್ತದೆ. ಅಂಥದ್ದರಲ್ಲಿ ಏಳು! ಜೋಡಿಯಲ್ಲಿ ಒಂದು ತಂತಿ ಕೂದಲೆಳೆಯಷ್ಟು ಇಳಿದರೂ ಪ್ರತಿಯೊಂದು ಸ್ವರವೂ ಅಪಸ್ವರ. ತಪ್ಪು ಮಾಡಿದರೆ ಅದೂ ಇಮ್ಮಡಿಯಾಗಿ ಕೊನೆಯ ಸಾಲಿಗೆ ಕೇಳಿಸುತ್ತದೆ. ಗಟ್ಟಿಯಾಗಿ ಕೇಳಿಸಬೇಕೆಂದು ಹೊರಟವರು ಮೊದಲು ತಮ್ಮ ಶುದ್ಧಿಯ ಬಗ್ಗೆ ಅಷ್ಟು ಖಚಿತವಾಗಿರಬೇಕು ಎಂದಾಯಿತು.

ಎಲ್ಲರೂ ಅದನ್ನು ಮೆಚ್ಚಲಿಲ್ಲ. ನಾದ ತೀರ ದಪ್ಪವಾಯಿತು, ಪಿಟೀಲಿನ ನವಿರು ಹೋಯಿತು, ಪಕ್ಕವಾದ್ಯಕ್ಕೆ ಇಷ್ಟು ಸದ್ದೇಕೆ ಎಂದವರಿದ್ದರು. ಈ ಕೊನೆಯ ಮಾತನ್ನು ನೋಡಿ. ಆಕ್ಷೇಪಣೆ ಸದ್ದಿಗಲ್ಲ, ಪಕ್ಕದಲ್ಲಿದ್ದವರು ಸದ್ದು ಮಾಡಿದ್ದಕ್ಕೆ. ಚೌಡಯ್ಯನವರು ಇದಕ್ಕೆ ವಾದ ಹೂಡಲಿಲ್ಲ, ನುಡಿಸುತ್ತಾ ಹೋದರು. ಅವರ ಕಮಾನಿನ ಬಲ ಎಂಥದೆಂದರೆ, ಅವರ ಸರದಿಗೆ ಎದ್ದುಹೋಗುತ್ತಿದ್ದವರು ಕುಳಿತರು. ನಮ್ಮ ತಂದೆ ಹುಡುಗರಾಗಿದ್ದಾಗ ಮೈಸೂರಿನ ಒಂದು ರಾಮೋತ್ಸವದಲ್ಲಿ ಚಪ್ಪರದೊಳಗೆ ಜಾಗ ಸಿಗದೆ ಬೀದಿಯಲ್ಲಿ ನಿಂತು ಅವರನ್ನು ಕೇಳಿದ್ದರಂತೆ. "ಬೀದೀಲಿದ್ದೋರಿಗೂ ಪಾಲು ಕೊಟ್ಟ ಪಿಟೀಲು ಕಣೆ ಅದು" ಎನ್ನುತ್ತಿದ್ದರು.

ಪಾಲಕ್ಕಾಡಿನ ಕಡೆಯ ಚೆಂಬೈ ವೈದ್ಯನಾಥ ಭಾಗವತರು ಇವರಿಗಿಂತ ಒಂದು ವರ್ಷಕ್ಕೆ ಚಿಕ್ಕವರು. ಗಂಟೆಯಂಥ ಕಂಠ ಅವರದು. ಆ ಕಂಠಕ್ಕೆ ಸಮನಾಗಿ ನಿಲ್ಲಬಲ್ಲ ಪಿಟೀಲೆಂದರೆ ಚೌಡಯ್ಯನವರದೇ. ಮೃದಂಗಕ್ಕೆ ಪಾಲ್ಘಾಟ್ ಮಣಿ ಅಯ್ಯರ್ ಕೂಡಿದರೆ ಆ ಮೂವರ ಕಚೇರಿಗೆ ಜನ ಊರಿಂದೂರಿಗೆ ಬರುತ್ತಿದ್ದರು. ಚೆಂಬೈ ಅವರಿಗೂ ಚೌಡಯ್ಯನವರಿಗೂ ಇದ್ದದ್ದು ವೇದಿಕೆಯ ಪರಿಚಯವಷ್ಟೇ ಅಲ್ಲ, ಜೀವನದುದ್ದದ ಸ್ನೇಹ. ಆಂಧ್ರದ ದ್ವಾರಂ ವೆಂಕಟಸ್ವಾಮಿ ನಾಯ್ಡು, ತಮಿಳುನಾಡಿನ ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ, ಮೈಸೂರಿನ ಚೌಡಯ್ಯ ಎಂದು ಮೂವರನ್ನು ಒಟ್ಟಿಗೆ ಹೆಸರಿಸುವುದು ರೂಢಿಯಾಯಿತು. ಮೈಸೂರು ಅರಮನೆ ಅವರನ್ನು ಆಸ್ಥಾನ ವಿದ್ವಾಂಸರನ್ನಾಗಿ ಮಾಡಿಕೊಂಡಿತು. ಗುರು ಕೃಷ್ಣಪ್ಪನವರು 1931ರಲ್ಲಿಯೇ ತೀರಿಕೊಂಡಿದ್ದರು.

ಚೌಡಯ್ಯನವರು ಪಕ್ಕದಲ್ಲಿ ಕುಳಿತೂ ಸುಮ್ಮನೆ ಕೂರದವರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಕಟ್ಟಿದರು. ಕೃತಿಗಳನ್ನು ರಚಿಸಿದರು. ಆ ಕೃತಿಗಳಲ್ಲಿ ಅವರ ಅಂಕಿತ 'ತ್ರಿಮಕುಟ'. ಅರಮನೆ ಕಂಡವರು, ಮದರಾಸು ಗೆದ್ದವರು ತಮ್ಮ ಸಹಿಯಾಗಿ ಆರಿಸಿಕೊಂಡದ್ದು ಹುಟ್ಟೂರು ತಿರುಮಕೂಡಲಿನ ಹೆಸರನ್ನು. 1943ರಲ್ಲಿ 'ವಾಣಿ' ಎಂಬ ಕನ್ನಡ ಚಿತ್ರವನ್ನೂ ತೆಗೆದರು. ನಿರ್ದೇಶನ ಕೆ. ಹಿರಣ್ಣಯ್ಯನವರದು. ಚೆಂಬೈ ಅವರೂ ಅದರಲ್ಲಿ ಕಾಣಿಸಿಕೊಂಡರು. ಮುಂದೆ ಕನ್ನಡ ಪರದೆಯ ಮೇಲೆ ಎಲ್ಲರ ತಾಯಿಯಾದ ಪಂಢರಿಬಾಯಿ ಸಿನಿಮಾಕ್ಕೆ ಬಂದದ್ದು ಈ ಚಿತ್ರದಿಂದಲೇ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ 'ಸಂಗೀತ ಕಲಾನಿಧಿ' ಎಂಬ ಬಿರುದು ಕೊಟ್ಟಿತು. ಅದು ಬರೀ ಬಿರುದಲ್ಲ. ಆ ವರ್ಷದ ವಿದ್ವಾಂಸರ ಸಮ್ಮೇಳನಕ್ಕೆ ಅಧ್ಯಕ್ಷತೆ ವಹಿಸುವ ಗೌರವವೂ ಅದರ ಜೊತೆಗೇ ಬರುತ್ತದೆ. ಜನ್ಮವಿಡೀ ಎಡಗಡೆಗೆ ಕುಳಿತವರು ಅರವತ್ತೆರಡನೆಯ ವಯಸ್ಸಿನಲ್ಲಿ ನಡುವೆ ಕುಳಿತರು. ಹತ್ತು ವರ್ಷದ ನಂತರ, 1967ರ ಜನವರಿ 19ರಂದು ತೀರಿಕೊಂಡರು.

ಮೊಮ್ಮಗಳಿಗೆ ಇಷ್ಟನ್ನು ಹೇಳಿ, "ನೋಡು, ಪಕ್ಕದಲ್ಲಿ ಕುಳಿತವರು ಹೀಗೂ ಆಗಬಹುದು" ಎಂದು ಮುಗಿಸಬಹುದಿತ್ತು. ಆದರೆ ಹಾಗೆ ಮುಗಿಸಿದರೆ ಅರ್ಧ ಸುಳ್ಳು ಹೇಳಿದಂತಾಗುತ್ತಿತ್ತು. ಯಾಕೆಂದರೆ ಚೌಡಯ್ಯನವರು ಗಂಡಸರು. ಅವರು ದಾಟಿದ ಹೊಳೆ ದೊಡ್ಡದೇ, ಆದರೆ ಅದರಾಚೆ ಇನ್ನೊಂದು ಹೊಳೆ ಇತ್ತು. ಅದನ್ನು ದಾಟಬೇಕಾದವರು ಹೆಂಗಸರು.

ತಿರುಮಕೂಡಲಿನಿಂದ ಕಪಿಲೆಯ ದಡದಲ್ಲೇ ಮೇಲೆ ಹೋದರೆ ನಂಜನಗೂಡು. ಚೌಡಯ್ಯನವರಿಗಿಂತ ಹದಿನೇಳು ವರ್ಷ ಮೊದಲು, 1878ರಲ್ಲಿ ಅಲ್ಲಿ ಹುಟ್ಟಿದವರು ಬೆಂಗಳೂರು ನಾಗರತ್ನಮ್ಮ. ಕಾವೇರಿ ಸಂಗಮದಿಂದ ಹರಿದು ತಂಜಾವೂರು ಸೀಮೆಯ ತಿರುವಯ್ಯಾರನ್ನು ಮುಟ್ಟುತ್ತದೆ. ಅಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆಯನ್ನು ಸುರಿದು ಗುಡಿ ಕಟ್ಟಿಸಿದವರು ಈ ಹೆಂಗಸು. ಅವರು ಕಟ್ಟಿಸಿದ ಗುಡಿಯ ಮುಂದೆ ನಡೆಯುವ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ! ನಾಗರತ್ನಮ್ಮ ಅಳುತ್ತಾ ಕೂರಲಿಲ್ಲ. ಹೆಂಗಸರೇ ಹಾಡುವ ಆರಾಧನೆಯನ್ನು ಅಲ್ಲೇ ಬೇರೆಯಾಗಿ ನಡೆಸಿದರು. ಹಲವು ವರ್ಷದ ಮೇಲೆ, 1940ರ ಹೊತ್ತಿಗೆ, ಎಲ್ಲ ಪಂಗಡಗಳೂ ಒಂದಾದವು, ಹೆಂಗಸರಿಗೂ ಜಾಗವಾಯಿತು.

ಹಾಡುವುದೇ ಇಷ್ಟು ಕಷ್ಟವಾಗಿದ್ದಾಗ ಪಕ್ಕವಾದ್ಯದ ಮಾತೇನು? ಹೆಂಗಸರು ಹಾಡಿದರೆ ಅವರಿಗೆ ನುಡಿಸಲು ಹೆಸರಾಂತ ವಿದ್ವಾಂಸರು ಒಪ್ಪದ ಕಾಲವೊಂದಿತ್ತು. ಮಣಿ ಅಯ್ಯರ್ ಅಂಥವರೇ ಬಹುಕಾಲ ಹಾಗಿದ್ದು, ಆಮೇಲೆ ಡಿ. ಕೆ. ಪಟ್ಟಮ್ಮಾಳರ ವಿದ್ವತ್ತಿಗೆ ತಲೆಬಾಗಿ ಅವರಿಗೆ ಮೃದಂಗ ನುಡಿಸಿದರು. ಇನ್ನು ಹೆಂಗಸು ಪಿಟೀಲು ಹಿಡಿದು ಗಂಡಸಿನ ಪಕ್ಕದಲ್ಲಿ ಕುಳಿತರೆ? ಹೆಂಗಸು ಪಕ್ಕದಲ್ಲಿ ಕೂರುವುದು ಬೇಡವೆಂದ ಹಾಡುಗಾರರ ಸಂಖ್ಯೆ ಕಡಿಮೆಯೇನಲ್ಲ. ಹೀಗಾಗಿ ಅನೇಕ ಹೆಣ್ಣುಮಕ್ಕಳ ಪಿಟೀಲು ಇನ್ನೊಬ್ಬ ಹೆಣ್ಣುಮಗಳ ಕಚೇರಿಗೆ ಮಾತ್ರ ಮೀಸಲಾಯಿತು. ಪಕ್ಕದಲ್ಲಿ ಕೂರುವವರಲ್ಲಿಯೂ ಇವರು ಒಂದು ಮಣೆ ಹಿಂದೆ.

ಚೌಡಯ್ಯನವರ ಏಳು ತಂತಿಯ ದಾರಿಯನ್ನು ಮುಂದುವರಿಸಿದವರಲ್ಲಿ ರುದ್ರಪಟ್ಟಣದ ಆರ್. ಆರ್. ಕೇಶವಮೂರ್ತಿಗಳು ಮುಖ್ಯರು. ಬೆಂಗಳೂರಿನಲ್ಲಿ ಅವರ ಹತ್ತಿರ ಕಲಿತ ಹುಡುಗಿಯೊಬ್ಬಳು ಮುಂದೆ ಲಾಲ್ಗುಡಿ ಜಯರಾಮನ್ ಅವರಲ್ಲಿಯೂ ಕಲಿತು, ಮದರಾಸಿನ ಸಭೆಗಳಲ್ಲಿ ದೊಡ್ಡ ದೊಡ್ಡ ಹಾಡುಗಾರರ ಪಕ್ಕದಲ್ಲಿ ಕುಳಿತಳು. ಅವರೇ ಟಿ. ರುಕ್ಮಿಣಿ. ಆಂಧ್ರದ ಎ. ಕನ್ಯಾಕುಮಾರಿ ಎಂ. ಎಲ್. ವಸಂತಕುಮಾರಿಯವರಿಗೆ ವರ್ಷಗಟ್ಟಲೆ ಪಕ್ಕವಾದ್ಯ ನುಡಿಸಿ, ಆಮೇಲೆ ಎಲ್ಲರ ಕಚೇರಿಗೂ ಬೇಕಾದವರಾದರು. 2016ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಂತು. ಪಿಟೀಲು ನುಡಿಸುವ ಹೆಂಗಸೊಬ್ಬರಿಗೆ ಆ ಬಿರುದು ಬಂದದ್ದು ಅದೇ ಮೊದಲು. ಚೌಡಯ್ಯನವರಿಗೂ ಇವರಿಗೂ ನಡುವೆ ಐವತ್ತೊಂಬತ್ತು ವರ್ಷ. ನಾನು ಈ ಲೆಕ್ಕವನ್ನು ಬೆರಳು ಮಡಿಚಿ ಎರಡು ಸಲ ಮಾಡಿದೆ.

ನನ್ನ ಕಥೆ ಅಷ್ಟು ದೊಡ್ಡದಲ್ಲ. ನನ್ನ ಪಿಟೀಲನ್ನು ಯಾರೂ ಕಿತ್ತುಕೊಳ್ಳಲಿಲ್ಲ. ನಮ್ಮ ಅತ್ತೆಯವರು ಒಂದು ದಿನವೂ ನುಡಿಸಬೇಡವೆನ್ನಲಿಲ್ಲ. ಜೂನಿಯರ್ ಪರೀಕ್ಷೆ ಮುಗಿಸಿದ್ದೆ. ಮದುವೆಯಾದ ವರ್ಷ ವಾರಕ್ಕೆರಡು ದಿನ ತೆಗೆದೆ, ಮಗು ಹುಟ್ಟಿದ ಮೇಲೆ ಹಬ್ಬಕ್ಕೆ ತೆಗೆದೆ, ಆಮೇಲೆ ಆಯುಧಪೂಜೆಗೆ ಕುಂಕುಮ ಇಡಲು ಮಾತ್ರ ತೆಗೆದೆ. ತಂತಿ ತುಕ್ಕು ಹಿಡಿಯಿತು. ಕಮಾನಿನ ಕುದುರೆಕೂದಲನ್ನು ಹುಳ ತಿಂದಿತು. ಒಂದು ದಿನ ನೋಡಿದರೆ ಅದು ಅಟ್ಟದ ಮೇಲಿತ್ತು. ಯಾರು ಇಟ್ಟರೆಂದು ಕೇಳಿದರೆ, ನಾನೇ ಇಟ್ಟದ್ದು. ಇದನ್ನು ಯಾರ ಮೇಲೂ ದೂರಾಗಿ ಹೇಳುತ್ತಿಲ್ಲ. ನನ್ನ ಹಾಗೆ ಸದ್ದಿಲ್ಲದೆ ನಿಲ್ಲಿಸಿದವರು ಪ್ರತಿ ಊರಿನಲ್ಲೂ ಇದ್ದಾರೆ ಎಂಬುದಕ್ಕಾಗಿ ಹೇಳಿದೆ. ನಮ್ಮ ಹೆಸರು ಇರುವೆ ಸಾಲಿನಲ್ಲೂ ಇಲ್ಲ.

ಕಳೆದ ತಿಂಗಳು ಮಗಳು, ಮೊಮ್ಮಗಳು, ನಾನು ಬೆಂಗಳೂರಿಗೆ ಹೋಗಿದ್ದಾಗ ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನದಲ್ಲಿ ಒಂದು ಕಚೇರಿಗೆ ಹೋದೆವು. ಕೆ. ಕೆ. ಮೂರ್ತಿಯವರ ಮುಂದಾಳುತನದಲ್ಲಿ ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆ ಕಟ್ಟಿಸಿದ ಈ ಭವನ 1980ರಲ್ಲಿ ಆರಂಭವಾಯಿತು. ಕಟ್ಟಡವೇ ಒಂದು ಪಿಟೀಲು. ಬಿರಡೆ, ತಂತಿ, ಕುದುರೆ, ಕಮಾನು ಎಲ್ಲವೂ ಹೊರಗಿನಿಂದಲೇ ಕಾಣುತ್ತವೆ. ಸಾವಿರಕ್ಕೂ ಹೆಚ್ಚು ಜನ ಅದರ ಹೊಟ್ಟೆಯೊಳಗೆ ಕೂರಬಹುದು. ಹಾಡುಗಾರರ ಹೆಸರಿನ ಸಭಾಂಗಣಗಳು ಬೇಕಾದಷ್ಟಿವೆ, ಆದರೆ ಪಕ್ಕವಾದ್ಯದವರೊಬ್ಬರಿಗೆ ಅವರ ವಾದ್ಯದ ಆಕಾರದಲ್ಲೇ ಕಟ್ಟಿದ ಇಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊಮ್ಮಗಳು ರಸ್ತೆಯಾಚೆ ನಿಂತು ಬಹಳ ಹೊತ್ತು ನೋಡಿದಳು.

ಒಳಗೆ ಕುಳಿತಾಗ ನನಗೆ ಒಂದು ವಿಚಿತ್ರ ಹೊಳೆಯಿತು. ವೇದಿಕೆಯ ಮೇಲೆ ಪ್ರತಿಯೊಬ್ಬರ ಮುಂದೆಯೂ ಮೈಕು. ನಾಲ್ಕು ತಂತಿಯ ಪಿಟೀಲು ಪಿಸುಗುಟ್ಟಿದರೂ ಬಾಲ್ಕನಿಯ ಕೊನೆಯ ಸಾಲಿಗೆ ಕೇಳಿಸುತ್ತದೆ. ಚೌಡಯ್ಯನವರ ಏಳು ತಂತಿ ಹುಟ್ಟಿದ ಕಷ್ಟವೇ ಇಲ್ಲವಾಗಿದೆ. 1930ರ ದಶಕದಿಂದ ಮೆಲ್ಲಮೆಲ್ಲಗೆ ಮೈಕು ಕಚೇರಿಗಳಿಗೆ ಬಂತು, ಏಳು ತಂತಿ ಮೆಲ್ಲಮೆಲ್ಲಗೆ ಮರೆಯಾಯಿತು. ಇಂದು ಅದನ್ನು ನುಡಿಸುವವರು ಸಿಗುವುದೇ ಅಪರೂಪ. ಹಾಗಾದರೆ ಅವರ ಸಾಹಸವೆಲ್ಲ ವ್ಯರ್ಥವೆ? ನನಗೆ ಹಾಗನಿಸಲಿಲ್ಲ. ಪಕ್ಕದಲ್ಲಿರುವವರ ಮಾತೂ ಕೊನೆಯ ಸಾಲಿನ ತನಕ ಕೇಳಿಸಬೇಕು ಎಂಬ ಹಟವನ್ನು ಅವರು ಸಭೆಗೆ ಕಲಿಸಿದರು. ತಂತಿ ಹೋಯಿತು, ಆ ಹಟ ಉಳಿಯಿತು. ಇಲ್ಲದಿದ್ದರೆ ಪಿಟೀಲಿನ ಮುಂದೆ ಮೈಕು ಇಡುವುದಕ್ಕೆ ಯಾರಿಗೆ ತೋಚುತ್ತಿತ್ತು?

ಅಂದು ಹಾಡಿದವರು ಒಬ್ಬ ಹೆಸರಾಂತ ವಿದ್ವಾಂಸರು. ಪಿಟೀಲಿಗೆ ಇದ್ದದ್ದು ಮೂವತ್ತು ದಾಟಿರದ ಒಬ್ಬ ಹೆಣ್ಣುಮಗಳು. ತೋಡಿ ರಾಗ ವಿಸ್ತಾರವಾಗಿ ಹಾಡಿ ನಿಲ್ಲಿಸಿ ಅವರು ಆಕೆಯ ಕಡೆಗೆ ಕೈ ತೋರಿಸಿದರು. ಆಕೆ ಐದಾರು ನಿಮಿಷ ನುಡಿಸಿರಬೇಕು. ಗಾಂಧಾರದಲ್ಲಿ ನಿಂತು, ಅದನ್ನು ತೂಗಿ, ಬಿಡಲಾರದೆ ಬಿಡುವ ಹಾಗೆ ಇಳಿದಾಗ ಹಾಡುಗಾರರು ಕಣ್ಣು ಮುಚ್ಚಿಕೊಂಡು "ಭಲೇ" ಎಂದರು. ಆ ಐದು ನಿಮಿಷ ಅವರು ಕೇಳುಗರಾಗಿದ್ದರು. ಯಾರೂ ಎಲೆಯಡಿಕೆಗೆ ಏಳಲಿಲ್ಲ. ನನ್ನ ಮಗಳು ನನ್ನ ಕೈ ಹಿಡಿದುಕೊಂಡಳು. ಅವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಸ್ಸಿನಲ್ಲಿ ಬರುವಾಗ ಮೊಮ್ಮಗಳು ನನ್ನ ಭುಜಕ್ಕೆ ಒರಗಿಕೊಂಡು, "ಅಜ್ಜಿ, ಅವರು ಹಾಡ್ತಿರುವಾಗ ಆ ಅಕ್ಕ ಅವರ ಮುಖಾನೇ ನೋಡ್ತಾ ಇದ್ದರು. ಅಕ್ಕ ನುಡಿಸುವಾಗ ಅವರು ಅಕ್ಕನ ಬೆರಳು ನೋಡ್ತಾ ಇದ್ದರು" ಎಂದಳು. ಫೋಟೋದ ಮಾತು ಮತ್ತೆ ಎತ್ತಲಿಲ್ಲ. ಹಾಡುಗಾರಿಕೆಗೆ ಸೇರಿಸುವ ವಿಷಯವನ್ನು ಮಗಳೇ ಇತ್ಯರ್ಥ ಮಾಡಿದಳು. "ಎರಡೂ ಕಲೀಲಿ ಬಿಡಮ್ಮ. ಪಿಟೀಲಿನವರಿಗೂ ಹಾಡೋದು ಬರಬೇಕಂತಲ್ಲ." ನಮ್ಮ ಮೇಷ್ಟರು ಹೇಳಿದ್ದನ್ನೇ ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಮಗಳು ತನ್ನ ದಾರಿಯಲ್ಲಿ ಬಂದು ಹೇಳಿದ್ದಳು.

ಮುಂದಿನ ರಾಮನವಮಿಯ ಹೊತ್ತಿಗೆ ಆಹ್ವಾನಪತ್ರಿಕೆಯಲ್ಲಿ ಪಕ್ಕವಾದ್ಯದವರ ಫೋಟೋವನ್ನೂ ಹಾಕಬೇಕೆಂದು ಉತ್ಸವ ಸಮಿತಿಗೆ ಒಂದು ಕಾಗದ ಬರೆದಿದ್ದೇನೆ. ಉತ್ತರ ಬಂದಿಲ್ಲ, ಇನ್ನೊಂದು ಬರೆಯುತ್ತೇನೆ. ನನ್ನ ಹಳೆಯ ಪಿಟೀಲನ್ನು ಮೈಸೂರಿಗೆ ಕಳಿಸಿ ಬಿರಡೆ ಬದಲಾಯಿಸಿ, ಕಮಾನಿಗೆ ಹೊಸ ಕೂದಲು ಕಟ್ಟಿಸಿ ತರಿಸಿದ್ದಾಯಿತು. ನುಡಿಸಲು ಕುಳಿತರೆ ಮೊಣಕಾಲು ಮಡಿಚಲು ಬರುವುದಿಲ್ಲ, ಬೆರಳು ಸ್ವರದ ಜಾಗವನ್ನು ಕತ್ತಲಲ್ಲಿ ತಡವಿದಂತೆ ಹುಡುಕುತ್ತದೆ. ಸಂಜೆ ಮೊಮ್ಮಗಳು ಅಭ್ಯಾಸಕ್ಕೆ ಕುಳಿತಾಗ ನಾನು ಕಮಾನಿಗೆ ರಾಳ ತಿಕ್ಕಿಕೊಂಡು ಅವಳ ಎಡಗಡೆಗೆ ಕೂರುತ್ತೇನೆ. ಅವಳು ಸರಳೆ ವರಸೆ ಎತ್ತಿಕೊಳ್ಳುತ್ತಾಳೆ. ನಾನು ಒಂದು ಕ್ಷಣ ಹಿಂದೆಯೇ ಹಿಂಬಾಲಿಸುತ್ತೇನೆ.